ಅನಾಮಿಕ ಯಾರು?

ಗಂಡ ಕುಡಿತ ಬಿಟ್ಟರೆ ಹೆಂಡತಿಗೆ ಸಂತೋಷವಾಗಬೇಕು. ನನಗೆ ಹೊಟ್ಟೆಕಿಚ್ಚಾಯಿತು. ಸುಳ್ಳು ಯಾಕೆ ಹೇಳಲಿ?

ನಾನು ಮುನಿಲಕ್ಷ್ಮಿ, ಬೈರಕೂರಿನವಳು. ನನ್ನ ಗಂಡ ಕಾಂತರಾಜ್ ಒಂಬತ್ತು ವರ್ಷ ಕುಡಿದ. ನಾನು ಕಣ್ಣೀರು ಹಾಕಿದೆ, ಜಗಳವಾಡಿದೆ, ಮಕ್ಕಳ ತಲೆ ಮುಟ್ಟಿಸಿ ಆಣೆ ಮಾಡಿಸಿದೆ. ಮಾಲೆ ಹಾಕಿಸಿ ಶಬರಿಮಲೆಗೂ ಕಳಿಸಿದೆ. ಮಾಲೆ ಇದ್ದಷ್ಟು ದಿನ ಸ್ವಾಮಿ. ತೆಗೆದ ದಿನ ಸಂಜೆಯೇ ಬಾರ್ ಮುಂದೆ ಹಾಜರು.

ಮಾವಿನ ಸುಗ್ಗಿ ಮುಗಿಯುವ ಹೊತ್ತಿಗೆ ಅವನಿಗೆ ಕಾಮಾಲೆ ಬಂತು. ಆಸ್ಪತ್ರೆಯಲ್ಲಿ ಇಟ್ಟುಕೊಂಡು ವಾಸಿ ಮಾಡಿದ ಡಾಕ್ಟರು ಅವನೊಬ್ಬನನ್ನೇ ಕೂರಿಸಿಕೊಂಡು ಏನು ಹೇಳಿದರೋ, ಬಂದವನು ಬಾಟಲಿ ಮುಟ್ಟಲಿಲ್ಲ. ಆದರೆ ಪ್ರತಿ ಭಾನುವಾರ ಇಸ್ತ್ರಿ ಶರ್ಟು ಹಾಕಿಕೊಂಡು ನಾಲ್ಕು ಗಂಟೆ ಬಸ್ಸಿಗೆ ಮುಳಬಾಗಿಲಿಗೆ ಹೊರಡುತ್ತಿದ್ದ. ಕೇಳಿದರೆ "ಮೀಟಿಂಗು" ಅನ್ನುತ್ತಿದ್ದ. ಬರುವಾಗ ನಗುನಗುತ್ತಾ ಬರುತ್ತಿದ್ದ. ನಾನು ಒಂಬತ್ತು ವರ್ಷ ಕಾಯ್ದರೂ ಕಾಣದ ನಗು ಅದು.

ಒಂದು ದಿನ ಟೊಮೇಟೊ ತೋಟದಲ್ಲಿ ಫೋನಿನಲ್ಲಿ ಮೆಲ್ಲಗೆ ಮಾತಾಡುತ್ತಿದ್ದ.

"ನಿಮ್ ಜೊತೆ ಮಾತಾಡಿದ್ರೇನೇ ನಂಗೆ ಸಮಾಧಾನ" ಎಂದದ್ದು ನನ್ನ ಕಿವಿಗೇ ಬಿತ್ತು.

ಸಂಜೆ ಫೋನ್ ತೆಗೆದು ನೋಡಿದೆ. ಹೆಸರು 'ಅನಾಮಿಕ' ಎಂದಿತ್ತು. ನನ್ನ ತಂಗಿ ಹೆಸರು ಅನಿತ ಇರುವ ಹಾಗೆ ಇವಳ ಹೆಸರು ಅನಾಮಿಕ! ನನ್ನ ಎದೆ ಧಗಧಗ ಉರಿಯಿತು.

ಭಾನುವಾರ ಅವನು ತಲೆ ಬಾಚುತ್ತಿದ್ದಾಗ ಹಿಡಿದೆ.

"ಯಾರಯ್ಯಾ ಈ ಅನಾಮಿಕ?"

"ಅಯ್ಯೋ, ಹೆಂಗಸಲ್ಲ ಕಣೇ. ಅದು ಗುಂಪು."

"ಗುಂಪಿಗೆ ಹೆಂಗಸಿನ ಹೆಸರಾ? ಯಾರ್ಯಾರ್ ಬರ್ತಾರೆ ಹೇಳು ನೋಡೋಣ."

"ಅದು ಹೇಳೋ ಹಾಗಿಲ್ಲ. ಹೊರಗ್ ಹೇಳಲ್ಲ ಅಂತ ಮಾತು ಕೊಟ್ಟಿದೀನಿ."

ನನಗೆ ಅಷ್ಟೇ ಸಾಕಾಯಿತು. ಫೋನ್ ಕಿತ್ತುಕೊಂಡು ರಾಗಿ ಡಬ್ಬದೊಳಗೆ ಹೂತಿಟ್ಟೆ. ಊರಿಗೆಲ್ಲ ಕೇಳುವ ಹಾಗೆ ಕೂಗಾಡಿದೆ. ಬಸ್ಸು ಹೋಯಿತು. ಅವನು ಮೂಲೆಯಲ್ಲಿ ಕೂತ. ಗೆದ್ದೆ ಅಂದುಕೊಂಡೆ.

ಮರುದಿನ ಸಂಜೆ ಆಶಾ ಕಾರ್ಯಕರ್ತೆ ಶ್ಯಾಮಲಮ್ಮ ಬಂದು ನನ್ನ ಬಿಪಿ ನೋಡುತ್ತಿದ್ದರು. ಕಾಂತರಾಜ್ ಏದುಸಿರು ಬಿಡುತ್ತಾ ಒಳಗೆ ಬಂದ. ಮುಖದಲ್ಲಿ ಕಳೆಯೇ ಇರಲಿಲ್ಲ.

"ಟೊಮೇಟೊ ತುಂಬಿದ್ ಮೇಲೆ ಟೆಂಪೋದವ್ರು ಬಾಟ್ಲಿ ತೆಗ್ದ್ರು. ಓಡ್ ಬಂದೆ. ಫೋನ್ ಕೊಡೇ. ಇಲ್ದಿದ್ರೆ ನಾನ್ ವಾಪಸ್ ಅಲ್ಲಿಗೇ ಹೋಗ್ಬಿಡ್ತೀನಿ."

"ನೋಡಿದ್ರಾ ಅಕ್ಕಾ? ಅವಳ ಜೊತೆ ಮಾತಾಡ್ದೇ ಇರಕ್ಕಾಗಲ್ಲ ಇವನಿಗೆ!" ಎಂದೆ.

ವಿಷಯ ಕೇಳಿದ ಶ್ಯಾಮಲಮ್ಮ ನನ್ನ ಕೈ ಹಿಡಿದರು. "ಫೋನ್ ತಗೊಂಡ್ ಬಾ ತಲ್ಲೀ. ನೀನೇ ಕಾಲ್ ಮಾಡು."

ಕಾಂತರಾಜ್ ಆಗಲಿ ಎಂದು ತಲೆಯಾಡಿಸಿದ. ರಾಗಿ ಡಬ್ಬದಿಂದ ಫೋನ್ ತೆಗೆದು, ಸ್ಪೀಕರ್ ಹಾಕಿ ಆ ನಂಬರಿಗೆ ಕಾಲ್ ಮಾಡಿದೆ.

"ಯಾಕಪ್ಪಾ, ನಿನ್ನೆ ಬರ್ಲಿಲ್ಲ? ಮನಸ್ಸು ಎಳೀತಿದ್ಯಾ?" ಎಪ್ಪತ್ತು ದಾಟಿದ ಗಂಡಸಿನ ದನಿ, ನಡುವೆ ಕೆಮ್ಮು ಬೇರೆ. "ನಂಗೂ ಹಂಗೇ ಆಗೋದು ಕಣಪ್ಪಾ. ಈ ಒಂದ್ ಗಂಟೆ ಕಳೀಲಿ ಸಾಕು. ನಾನ್ ಲೈನಲ್ಲೇ ಇರ್ತೀನಿ."

ಇದೇನಾ ನನ್ನ ಸವತಿ!

ಕಾಂತರಾಜ್ ಫೋನ್ ಹಿಡಿದು ಬಹಳ ಹೊತ್ತು ಮಾತಾಡಿದ. ಆಮೇಲೆ ಒಂದು ಚೊಂಬು ನೀರು ಕುಡಿದು ಗೋಡೆಗೆ ಒರಗಿದ.

"ಅನಾಮಿಕ ಅಂದ್ರೆ ಹೆಸರು ಹೇಳ್ಕೊಳ್ದೇ ಇರೋರು ಅಂತ" ಎಂದರು ಶ್ಯಾಮಲಮ್ಮ. "ಕುಡಿತ ಬಿಟ್ಟೋರು, ಬಿಡ್ಬೇಕು ಅನ್ನೋರು ಒಟ್ಟಿಗೆ ಕೂತು ಮಾತಾಡ್ತಾರೆ. ನಾಚ್ಕೆ ಆಗ್ಬಾರ್ದು ಅಂತ ಗುಟ್ಟು, ಅಷ್ಟೇ."

ನನ್ನ ಉರಿ ಆಗಲೂ ಆರಲಿಲ್ಲ. "ಒಂಬತ್ತ್ ವರ್ಷ ನಾನ್ ಬಡ್ಕೊಂಡೆ, ಕೇಳ್ಲಿಲ್ಲ. ಯಾರೋ ತಾತ ಹೇಳಿದ್ರೆ ಕೇಳ್ತಾನಾ?"

"ನೀನು ಕುಡೀಬೇಡ ಅಂತೀಯ. ಆ ತಾತ, ನಾನೂ ಕುಡೀತಿದ್ದೆ ಅಂತಾರೆ. ಕುಡಿತ ಒಂದು ಕಾಯಿಲೆ ಕಣಮ್ಮಾ. ಬಿದ್ದು ಎದ್ದೋರಿಗೇ ಆ ದಾರಿ ಗೊತ್ತಿರತ್ತೆ. ಅದಕ್ಕೆ ನಿನ್ ಪ್ರೀತಿ ಕಮ್ಮಿ ಅಂತಲ್ಲ."

ಕಾಂತರಾಜ್ ನೆಲ ನೋಡುತ್ತಾ ಬಾಯಿಬಿಟ್ಟ. "ಬೇರೆಯವ್ರ ಮಾತು ಹೇಳೋ ಹಾಗಿಲ್ಲ. ನಂದ್ ಹೇಳ್ಬೋದು. ಮೊದಲ್ನೇ ದಿನ ಅಲ್ಲಿ ಹೇಳಿದ್ದು ನಿನ್ ವಿಷ್ಯಾನೇ ಕಣೇ. ಕುಡಿದ್ ಬಂದು ನಿನ್ ಮೇಲೆ ಕೈ ಮಾಡಿದ್ದು. ಅದನ್ನ ನಿನ್ ಮುಖ ನೋಡ್ಕೊಂಡು ಹೇಳಕ್ಕೆ ನಂಗೆ ಧೈರ್ಯ ಬಂದಿರ್ಲಿಲ್ಲ. ತಪ್ಪಾಯ್ತು."

ಒಂಬತ್ತು ವರ್ಷದಲ್ಲಿ ಆ ಮಾತನ್ನು ನಾನು ಮೊದಲ ಸಲ ಕೇಳಿದೆ. ಅವನು ಅದನ್ನು ಆಡಲು ಕಲಿತದ್ದು ನಾನು ತಪ್ಪಿಸಲು ಹೊರಟ ಆ ಮೀಟಿಂಗುಗಳಲ್ಲೇ. ಮುಂದಿನ ಭಾನುವಾರ ನಾನೇ ಬಸ್ ಸ್ಟ್ಯಾಂಡಿಗೆ ಹೋಗಿ ಹತ್ತಿಸಿ ಬಂದೆ.

ಅಕ್ಕತಂಗಿಯರೇ, ನಿಮ್ಮ ಮನೆಯಲ್ಲೂ ಕುಡಿಯುವವರಿದ್ದರೆ ಬೈದು, ಆಣೆ ಹಾಕಿಸಿ ಸುಸ್ತಾಗಬೇಡಿ. ಕುಡಿತ ಒಮ್ಮೆಲೇ ನಿಲ್ಲಿಸಿದರೆ ಕೆಲವರಿಗೆ ನಡುಕ, ಫಿಟ್ಸ್ ಬರಬಹುದು. ಮೊದಲು ಸರ್ಕಾರಿ ಆಸ್ಪತ್ರೆಯ ಡಾಕ್ಟರಿಗೆ ತೋರಿಸಿ. ಹತ್ತಿರದಲ್ಲಿ ಇಂಥ ಗುಂಪು ಎಲ್ಲಿದೆ ಎಂದು ಅವರನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿ. ಉಚಿತ ಸಹಾಯವಾಣಿ 14446ಕ್ಕೂ ಫೋನ್ ಮಾಡಬಹುದು. ಮನೆಯವರ ಸಂಕಟ ಕೇಳುವ ಗುಂಪುಗಳೂ ಇವೆ, ಅವನ್ನೂ ವಿಚಾರಿಸಿ. ಅಲ್ಲಿ ಏನು ಮಾತಾಯಿತು ಎಂದು ಮಾತ್ರ ಕೆದಕಬೇಡಿ.

ನನಗೆ ಈಗಲೂ ಒಮ್ಮೊಮ್ಮೆ ಹೊಟ್ಟೆಕಿಚ್ಚಾಗುತ್ತದೆ. ಆದರೂ ಕಳಿಸುತ್ತೇನೆ. ನೀವೂ ಕಳಿಸಿ.