ಐದು ಸೆಂಟ್ಸ್‌ನ ರಾಜಿ

"ಸೋತದ್ದ್ ಸೈ. ಅವ್ರ ಖರ್ಚೂ ನಾನೇ ಕೊಡ್ಕಾ? ಅದೆಂತಕ್ಕೆ?" ಜಲಜ ಮೇಜಿನ ಮೇಲೆ ಎರಡೂ ಮೊಣಕೈ ಊರಿ ಕೇಳಿದಳು.

ಕುಂದಾಪುರದ ಆ ಆಫೀಸಿನಲ್ಲಿ ದೊಡ್ಡ ವಕೀಲರು ಇರಲಿಲ್ಲ. ಜೂನಿಯರ್ ಅಕ್ಷಿತಾ ಅಪೀಲಿನ ತೀರ್ಪು ತಿರುವಿ ಹಾಕುತ್ತಿದ್ದಳು. ಪಕ್ಕದ ಕುರ್ಚಿಯಲ್ಲಿ ಜಲಜಳ ಅಣ್ಣ ಬಚ್ಚ, ಫ್ಯಾನು ತಿರುಗುವುದನ್ನೇ ನೋಡುತ್ತ ಕೂತಿದ್ದ. ಅಬ್ಬಿಯ, ಅಂದರೆ ತಾಯಿಯ, ಕಾಲದ ಹದಿನಾಲ್ಕು ಸೆಂಟ್ಸ್ ಜಾಗಕ್ಕೆ ದೊಡ್ಡಮ್ಮನ ಮಗ ಪ್ರೇಮಾನಂದನ ಮೇಲೆ ಜಲಜಳ ಹೆಸರಲ್ಲಿ ಹಾಕಿದ ಕೇಸು ಅದು. ಮೊದಲ ಕೋರ್ಟಲ್ಲೂ ಸೋತಾಗಿತ್ತು, ಈಗ ಅಪೀಲೂ ಬಿತ್ತು.

"ನೀವ್ ರಾಜಿಗೆ ಒಪ್ಲಿಲ್ಲ ಅಲ್ದಾ ಅಕ್ಕ, ಅದ್ಕೆ. ಜಡ್ಜ್ ಬರ್ದಿದ್ರ್ ಕಾಣಿ. ಅಪೀಲ್ ಶುರುವಾಪುಕ್ ಮುಂಚೇ ಪ್ರೇಮಾನಂದ ಐದ್ ಸೆಂಟ್ಸ್ ಬಿಟ್ ಕೊಡ್ತೆ ಅಂದಿದ್ರ್. ನೀವ್ ಬ್ಯಾಡ ಅಂದ್ರಿ. ಸುಮ್ನೆ ಎಳ್ದ್ರಿ ಅಂದೇಳಿ ಖರ್ಚ್ ಹಾಕಿದ್ರ್."

"ಯಾರ್ ಬ್ಯಾಡ ಅಂದದ್ದ್? ನಾನಾ?" ಜಲಜ ನಕ್ಕೇಬಿಟ್ಟಳು. "ಹನ್ನೊಂದ್ ವರ್ಷ ಬಾಡ್ಗಿ ಮನೆಲಿ ಕೂತವ್ಳ್ ನಾನ್. ಐದ್ ಸೆಂಟ್ಸ್ ಅಂದ್ರೆ ಮೀನ್ ಬುಟ್ಟಿ ಅಲ್ಲೇ ಬಿಟ್ ಓಡಿ ಬತ್ತಿದ್ದೆ ಮಗಾ!"

ಅಕ್ಷಿತಾ ಫೈಲು ಅವಳ ಕಡೆಗೆ ತಿರುಗಿಸಿ ಇಟ್ಟಳು. 'ರಾಜಿಗೆ ಒಪ್ಪಿಗೆಯಿಲ್ಲ.' ಕೆಳಗೆ ಜಲಜಳದೇ ಸಹಿ, ಪಕ್ಕದಲ್ಲಿ ಒದ್ದೆ ಬೆರಳಿನ ಕಲೆ.

ಜಲಜಳಿಗೆ ನೆನಪಾಯಿತು. ತಲ್ಲೂರು ಪೇಟೆಯಲ್ಲಿ ಬಂಗುಡೆ ವ್ಯಾಪಾರದ ಗಡಿಬಿಡಿ ಹೊತ್ತಲ್ಲಿ ಅಣ್ಣ ಈ ಕಾಗದ ಹಿಡಿದು ಬಂದಿದ್ದ. 'ವಾಯ್ದೆ ಮುಂದ್ ಹಾಕುಕೆ' ಅಂದಿದ್ದ. ಕೈ ಸೀರೆಗೆ ಒರೆಸಿ ಗೀಚಿದ್ದಳು. ಓದಲಿಕ್ಕೆ ಬರುವುದಿಲ್ಲ ಅಂತಲ್ಲ, ಏಳನೇ ಕ್ಲಾಸು ಪಾಸು ಅವಳು. ಆದರೆ ಆ ಮನೆಯಲ್ಲಿ ಮೊದಲಿಂದಲೂ ಹಾಗೇ. ಜಾಗದ ಹಕ್ಕು ಅಬ್ಬಿಯಿಂದ ಮಗಳಿಗೆ, ಕೋರ್ಟಿನ ಮಾತು ಅಣ್ಣನಿಗೆ. ಮನೆಯ ಯಜಮಾನನಾದ ಅಣ್ಣ ಕೊಟ್ಟ ಕಾಗದ ತಂಗಿ ಓದಿದರೆ ಅವನ ಮುಖಕ್ಕೆ ಹೊಡೆದ ಹಾಗೆ.

"ಅಣ್ಣಯ್ಯ, ಎಂತ ಇದ್?"

"ಐದ್ ಸೆಂಟ್ಸ್ ಒಂದ್ ಜಾಗ್ವಾ ಮಾರಾಯ್ತಿ? ಹದ್ನಾಲ್ಕೂ ಸಿಕ್ಕತ್ತ್ ಅಂದೇಳಿ ಮಾಡ್ದೆ. ನಿನ್ನ್ ಒಳ್ಳೇದಕ್ಕೇ."

ಜಲಜ ಅಕ್ಷಿತಾಳ ಕಡೆ ತಿರುಗಿದಳು. "ಪ್ರೇಮಾನಂದ ಬರ್ದ್ ಕೊಟ್ಟ ರಾಜಿ ಕಾಗ್ದ ಇತ್ತಾ ಮಗಾ? ಓದ್ ಕಾಂಬ."

"ಅದೆಲ್ಲ ಈಗ ಎಂತಕ್ಕೆ?" ಬಚ್ಚ ಎದ್ದೇಬಿಟ್ಟ. "ಬಸ್ಸಿಗೆ ಹೊತ್ತಾಯ್ತ್, ಹೋಪ."

"ಕೂಕೊ."

ಅಣ್ಣನ ಮೇಲೆ ಅವಳು ಯಾವತ್ತೂ ಎತ್ತಿದ ದನಿ ಅಲ್ಲ ಅದು. ಅವನು ಕೂತ.

ಅಕ್ಷಿತಾ ಓದಿದಳು. ಬಾವಿ ಇರುವ ಬದಿಯ ಐದು ಸೆಂಟ್ಸ್, ರಸ್ತೆವರೆಗೆ ದಾರಿ ಸಮೇತ. ಕೊನೆಗೆ ಒಂದೇ ಸಾಲು: 'ಜಲಜಳ ಹೆಸರಿಗೆ ಮಾತ್ರ ಬರೆದುಕೊಡುತ್ತೇನೆ. ಬಚ್ಚನಿಗೆ ಯಾವ ಪಾಲೂ ಇಲ್ಲ.'

"ನಾ ಆ ಮನೆಲಿ ಹುಟ್ಲಿಲ್ವಾ?" ಬಚ್ಚ ಕೇಳಿದ. "ನಂಗಿಲ್ದೆ ನಿಂಗ್ ಒಬ್ಳಿಗೇ..."

"ಒಂದ್ ಮಾತ್ ಕೇಂಡಿದ್ರೆ ನಿಂಗೂ ಒಂದ್ ಕೋಣಿ ಕಟ್ಸ್ತಿದ್ದೆ," ಅಂದಳು ಜಲಜ. ತೀರ್ಪಿನ ಪ್ರತಿಯನ್ನು ತಾನೇ ಮಡಚಿ ಚೀಲಕ್ಕೆ ಹಾಕಿಕೊಂಡಳು.

ಬಸ್ಸು ತುಂಬಿಕೊಂಡೇ ಬಂತು. ಬಚ್ಚ ಹಿಂದಿನ ಬಾಗಿಲಿಂದ ನುಗ್ಗಿ, ಸೀಟೊಂದು ಖಾಲಿಯಾದದ್ದೇ ಹೆಗಲ ಮೇಲಿನ ಬೈರಾಸು ಟವೆಲು ಬಿಸಾಡಿ ಹಿಡಿದಿಟ್ಟ. "ಜಲ್ಜಾ, ಇಲ್ಲ್ ಬಾ!" ಅಂತ ಕೂಗಿದ. ಜಲಜ ಮುಂದಿನ ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತೇ ಇದ್ದಳು. ಸೇತುವೆ ಮೇಲೆ ಹೊಳೆಗಾಳಿ ಒಳಗೆ ನುಗ್ಗಿತು. ಯಾರೋ ಅವನನ್ನು "ಇಲ್ಲ್ ಜನ ಇತ್ತಾ?" ಅಂತ ಕೇಳಿದರು.

"ಇತ್ತ್. ತಂಗಿ ಬತ್ಳ್."

ತಲ್ಲೂರು ಬರುವವರೆಗೂ ಆ ಸೀಟಿನಲ್ಲಿ ಬೈರಾಸು ಮಾತ್ರ ಕೂತಿತ್ತು.