ಆಯುಧಪೂಜೆಯ ದಿನ ಬಗ್ಗಿದ ಗೇರ್

ಆಯುಧಪೂಜೆಯ ದಿನ ಮದರಾಸಿನ ವೆಸ್ಟ್ ಮಾಂಬಲಂನ ನಮ್ಮ ಬೀದಿಯಲ್ಲಿ ಬೀಳದೆ ನಡೆಯುವುದಕ್ಕೂ ಪುಣ್ಯ ಮಾಡಿರಬೇಕು. ಅಂಗಡಿಗೊಂದು, ಆಟೋಗೊಂದು ಬೂದುಗುಂಬಳ ಒಡೆದು, ಕುಂಕುಮ ಮೆತ್ತಿದ ತಿರುಳನ್ನು ನಡುರಸ್ತೆಯಲ್ಲೇ ಬಿಟ್ಟಿರುತ್ತಾರೆ. ದೃಷ್ಟಿ ಹೋಗಲಿ ಎಂದು ಒಡೆದ ಕಾಯಿಯ ಮೇಲೆ ಯಾರದೋ ಸ್ಕೂಟರ್ ಜಾರುತ್ತದೆ, ಮರುವಾರ ಅದರ ಫೈಲು ನನ್ನ ಮೇಜಿಗೆ ಬರುತ್ತದೆ. ವಿಮಾ ಕಂಪನಿಯಲ್ಲಿ ವಾಹನ ಅಪಘಾತದ ಕ್ಲೇಮು ನೋಡುವುದು ನನ್ನ ಕೆಲಸ. ನಜ್ಜುಗುಜ್ಜಾದ ಗಾಡಿಗಳ ಫೋಟೋ ನೋಡಿ ನೋಡಿ ನೆಟ್ಟಗೆ ನಿಂತ ಗಾಡಿಯೂ ನನಗೆ ಬಿದ್ದಂತೆಯೇ ಕಾಣುತ್ತದೆ. ಮಗಳು ಮನೆ ಬಿಟ್ಟು ಹೊರಟಾಗಲೆಲ್ಲ ಒಂದಲ್ಲ ಒಂದು ಅಪಘಾತದ ಕಥೆ ಹೇಳಿ ಕಳಿಸುವ ಚಟವೂ ಇದೆ. ಹೆಂಡತಿ ಸೀತಾ ನನಗೆ ಅಪಶಕುನದ ಹಕ್ಕಿ ಎಂದು ಹೆಸರಿಟ್ಟಿದ್ದಾಳೆ.

ಆ ದಿನ ಸೀತಾ ಗೊಂಬೆ ನೋಡಲು ಕ್ರೋಂಪೇಟೆಯ ತಂಗಿಯ ಮನೆಗೆ ಹೋಗಿದ್ದಳು. ಮನೆಯಲ್ಲಿದ್ದವರು ನಾನು, ನನ್ನ ಅಮ್ಮ ಪುಟ್ಟತಾಯಮ್ಮ, ಮಗಳು ಶ್ರೀಯಾ. ಶ್ರೀಯಾ ಕೆಲಸಕ್ಕೆ ಸೇರಿದ ವರ್ಷವೇ ತೆಳ್ಳನೆ ಚಕ್ರದ, ಟಗರಿನ ಕೊಂಬಿನಂಥ ಹ್ಯಾಂಡಲ್ಲಿನ ರೋಡ್ ಬೈಕ್ ಎಂಬ ಸೈಕಲ್ ಕೊಂಡವಳು. ಮರುದಿನ ಅವಳ ಸೈಕಲ್ ಗುಂಪು ಏಲಗಿರಿ ಬೆಟ್ಟ ಹತ್ತುವುದಿತ್ತು. ಸಂಜೆ ವ್ಯಾನ್ ಬಂದು ಸೈಕಲ್ಲುಗಳ ಸಮೇತ ಎಲ್ಲರನ್ನೂ ಕರೆದೊಯ್ಯುತ್ತದೆ ಎಂದಳು. ಮಧ್ಯಾಹ್ನ ಬೀದಿಯಲ್ಲಿ ಒಂದು ಸುತ್ತು ಹೊಡೆದು ಬಂದವಳು, ಹಿಂದೆ ಏನೋ ಟಿಕ್ ಟಿಕ್ ಎನ್ನುತ್ತಿದೆ, ಸ್ವಲ್ಪ ನೋಡು ಎಂದು ನನಗೆ ಒಪ್ಪಿಸಿ ಬಟ್ಟೆ ತುಂಬಿಕೊಳ್ಳಲು ಮೇಲೆ ಹೋದಳು.

ನಾನು ಕೆಳಗೆ ಪಾರ್ಕಿಂಗಿನಲ್ಲಿ ಸೈಕಲ್ಲಿನ ಹಿಂಚಕ್ರವನ್ನು ಎತ್ತಿ ಹಿಡಿದು ಪೆಡಲ್ ತಿರುಗಿಸಿದೆ. ಹಿಂದಿನ ಹಲ್ಲುಚಕ್ರಗಳು ಚಿಕ್ಕದರಿಂದ ದೊಡ್ಡದಕ್ಕೆ ಒಂದರ ಪಕ್ಕ ಒಂದು ಇರುತ್ತವೆ. ಚೈನನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುವುದು ಬಲಗಡೆ ಕೆಳಗೆ ನೇತಾಡುವ ಡಿರೇಲರ್. ಮೊದಲು ಕೇಬಲ್ಲಿನ ಮೇಲೆ ಅನುಮಾನಪಟ್ಟು ಅದರ ತಿರುಪನ್ನು ಬೆರಳಿನಿಂದಲೇ ಬಿಗಿ ಮಾಡಿದೆ. ಶಬ್ದ ಜಾಗ ಬದಲಿಸಿತೇ ಹೊರತು ನಿಲ್ಲಲಿಲ್ಲ. ಚೈನನ್ನು ಎಲ್ಲಕ್ಕಿಂತ ದೊಡ್ಡ ಚಕ್ರಕ್ಕೆ ಏರಿಸಿದಾಗ ಡಿರೇಲರ್ ಸ್ಪೋಕ್ ಕಡ್ಡಿಗಳಿಗೆ ತಾಗಿ ಟಿಕ್ ಎಂದಿತು. ಕೈಯಲ್ಲಿ ನಿಧಾನವಾಗಿ ತಿರುಗಿಸುತ್ತಿದ್ದುದರಿಂದ ಅಷ್ಟಕ್ಕೇ ನಿಂತಿತು.

ಮದರಾಸು ಅಂಗೈಯಷ್ಟು ಸಪಾಟು, ಇಲ್ಲಿ ಆ ದೊಡ್ಡ ಚಕ್ರ ಯಾರಿಗೂ ಬೇಕಾಗುವುದಿಲ್ಲ. ಅದು ಬೇಕಾಗುವುದು ಏರಿನಲ್ಲಿ. ಏಲಗಿರಿಯ ತಿರುವಿನಲ್ಲಿ ಅವಳು ಸೀಟಿನಿಂದ ಎದ್ದು ನಿಂತು ತುಳಿಯುವಾಗ ಡಿರೇಲರ್ ಕಡ್ಡಿಗಳೊಳಗೆ ಹೋದರೆ ಹಿಂಚಕ್ರ ನಿಂತಲ್ಲೇ ಕಚ್ಚಿಕೊಳ್ಳುತ್ತದೆ. ಕಾಲುಗಳು ಪೆಡಲಿಗೆ ಸಿಕ್ಕಿಸಿದ ಬೂಟಿನಲ್ಲಿ, ಥಟ್ಟನೆ ಬಿಡಿಸಿಕೊಳ್ಳಲಾಗದು. ಹಿಂದೆಯೇ ಬಸ್ಸು ಏರಿ ಬರುತ್ತಿರುತ್ತದೆ. ಆ ಫೋಟೋ ಹೇಗಿರುತ್ತದೆ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಕೂತು ಹಿಂದಿನಿಂದ ಕಣ್ಣಳತೆಗೆ ಹಿಡಿದು ನೋಡಿದೆ. ಡಿರೇಲರ್ ನೇರ ಕೆಳಗೆ ಇಳಿಯದೆ ಚಕ್ರದ ಕಡೆಗೆ ವಾಲಿತ್ತು. ಅದನ್ನು ಚೌಕಟ್ಟಿಗೆ ಹಿಡಿದಿಡುವ ಹ್ಯಾಂಗರ್ ಎಂಬ ಬೆರಳಗಲದ ಅಲ್ಯೂಮಿನಿಯಂ ತುಂಡು ಬಗ್ಗಿತ್ತು. ತಾನಾಗಿ ಬಗ್ಗುವ ವಸ್ತುವಲ್ಲ ಅದು. ಆಗ ಕಂಡಿತು, ಡಿರೇಲರಿನ ಹೊರಮೈಗೆ ಗಂಧ ಕುಂಕುಮ ದಪ್ಪಗೆ ಬಳಿದಿತ್ತು. ಹ್ಯಾಂಡಲ್ಲಿಗೆ ಇಡುತ್ತಾರೆ, ಚಕ್ರಕ್ಕೆ ಇಡುತ್ತಾರೆ, ಎಣ್ಣೆ ಜಿಡ್ಡಿನ ಗೇರಿಗೆ ಯಾರು ಇಡುತ್ತಾರೆ? ಬೆರಳಿನಿಂದ ಒರೆಸಿದೆ. ಕುಂಕುಮದ ಕೆಳಗೆ ಹೊಸದಾಗಿ ತರಚಿದ ಗೀರುಗಳಿದ್ದವು.

ಬೆಳಿಗ್ಗೆ ನಾನು ಸ್ನಾನಕ್ಕೆ ಹೋಗಿದ್ದಾಗ ಪೂಜೆ ಮುಗಿಸಿದವಳು ಅಮ್ಮ. ಮೇಲೆ ಹೋಗಿ ಕೇಳಿದರೆ ಮೊದಲು ಕೇಳಿಸದವಳ ಹಾಗೆ ಹೂ ಕಟ್ಟುತ್ತಿದ್ದಳು. ನಾನು ದನಿ ಏರಿಸಿದೆ. ಆಗ ಹೇಳಿದಳು, ಸೈಕಲ್ಲನ್ನು ನಿಂಬೆಹಣ್ಣಿನ ಮೇಲೆ ಹಾಯಿಸುವಾಗ ಹಣ್ಣು ಜಾರಿ ಸೈಕಲ್ ಬಲಮಗ್ಗುಲಿಗೆ ದಬಾರೆಂದು ಬಿತ್ತಂತೆ.

"ಪೂಜೆ ಮಾಡೋವಾಗ್ಲೇ ಗಾಡಿ ಬಿತ್ತು ಅಂತ ಬಾಯಲ್ಲಿ ಆಡಿದ್ರೆ ಅದು ಆಗೇ ಹೋಗತ್ತೆ ಕಣೋ. ಅದಕ್ಕೇ ಹೇಳ್ಲಿಲ್ಲ. ಇನ್ನೊಂದು ಕುಂಬಳಕಾಯಿ ತರಿಸಿ ಒಡೆಸಿದೀನಿ."

ಅವಳ ಪ್ರಕಾರ ಶಾಂತಿ ಆಗಿತ್ತು. ಗಾಯಕ್ಕೆ ಕುಂಕುಮ ಹಚ್ಚಿ ಮುಚ್ಚಿದ್ದಾಯಿತು, ಬಿದ್ದದ್ದು ಬೀಳದ ಹಾಗೆ ಆಯಿತು. ನನಗೆ ಸಿಟ್ಟು ನೆತ್ತಿಗೇರಿತು. ಏನೇನೋ ಅಂದೆ, ಅವಳ ಕಣ್ಣಲ್ಲಿ ನೀರು ಬಂತು.

ಹೊಸ ಹ್ಯಾಂಗರ್ ಎಲ್ಲಿಂದ ತರುವುದು? ಹಬ್ಬಕ್ಕೆ ಸೈಕಲ್ ಅಂಗಡಿಗಳೆಲ್ಲ ಬಾಳೆಕಂದು ಕಟ್ಟಿ ಬಾಗಿಲು ಹಾಕಿದ್ದವು. ನೆಟ್ಟಗೆ ಮಾಡೋಣವೆಂದರೆ ಬೋಲ್ಟು ತಿರುಗಿಸುವ ನನ್ನ ಅಲೆನ್ ಕೀಗಳು ಸ್ಪ್ಯಾನರುಗಳ ಜೊತೆ ದೇವರ ಮುಂದೆ ಹೂ ಹೊತ್ತು ಕೂತಿದ್ದವು. ಕೂರಿಸಿದ ಆಯುಧವನ್ನು ಮಾರನೆಯ ದಿನದ ಪೂಜೆ ಆಗುವವರೆಗೂ ಕದಲಿಸಬಾರದು ಎಂದು ಅಮ್ಮ ಅಡ್ಡ ನಿಂತಳು. ಅಪ್ಪ ಸತ್ಯನಾರಾಯಣ ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದಾಗ ಹೀಗೇ ಹಬ್ಬದ ದಿನ ಸ್ಪ್ಯಾನರ್ ಎತ್ತಿ ಬೆರಳು ಕಳೆದುಕೊಂಡ ಕಥೆಯನ್ನು ಮತ್ತೆ ತೆಗೆದಳು. ಪ್ರತಿ ವರ್ಷ ಅದಕ್ಕೆ ನಗುತ್ತಿದ್ದವನಿಗೆ ಆ ದಿನ ನಗು ಬರಲಿಲ್ಲ. ಹೂ ಸರಿಸಿ ಕೀ ಎತ್ತಿಕೊಂಡು ಕೆಳಗಿಳಿದೆ.

ಡಿರೇಲರಿನ ಬೋಲ್ಟಿಗೆ ಕೀ ತುರುಕಿ, ಉಸಿರು ಬಿಗಿಹಿಡಿದು, ಹೊರಕ್ಕೆ ಎಳೆದೆ. ಲೋಹ ಮೊದಲು ಹಟ ಮಾಡಿತು, ಆಮೇಲೆ ಮೆತ್ತಗೆ ಬಂತು. ಅಷ್ಟು ಮೆತ್ತಗೆ ಬರಬಾರದಿತ್ತು. ಹಿಂದಿನಿಂದ ನೋಡಿದರೆ ಡಿರೇಲರ್ ತೂಗುಗುಂಡು ಹಿಡಿದಷ್ಟು ನೇರವಾಗಿತ್ತು. ತಿರುಗಿಸಿದೆ. ಚೈನು ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಬೆಣ್ಣೆಯ ಮೇಲೆ ಜಾರಿದಂತೆ ಓಡಾಡಿತು, ಸದ್ದೇ ಇಲ್ಲ. ಒಂದು ಕ್ಷಣ ನನ್ನ ಮೇಲೆ ನನಗೇ ಹೆಮ್ಮೆಯಾಯಿತು. ಆಮೇಲೆ ಫೋನಿನ ಬೆಳಕು ಹಿಡಿದು ಹ್ಯಾಂಗರಿನ ಕುತ್ತಿಗೆ ನೋಡಿದೆ. ಕೂದಲೆಳೆಯಂಥ ಒಂದು ಗೆರೆ, ಅರ್ಧದವರೆಗೆ.

ಶ್ರೀಯಾ ಬಂದು ಸೈಕಲ್ ಹತ್ತಿ ಬೀದಿಯ ಕೊನೆಯವರೆಗೆ ಹೋಗಿ ಬಂದಳು. ಎಲ್ಲ ಗೇರೂ ಹಾಕಿ ನೋಡಿದಳಂತೆ, ಹೊಸದರ ಹಾಗಿದೆ ಎಂದು ನನ್ನ ಬೆನ್ನು ತಟ್ಟಿದಳು. ನಾನು ಬಿರುಕು ತೋರಿಸಿದೆ. ಅದು ಬಣ್ಣ ಬಿಟ್ಟಿರುವುದು ಎಂದಳು. ಇಲ್ಲಿ ತಡೆಯುತ್ತದೆ, ಬೆಟ್ಟದಲ್ಲಿ ತಡೆಯುವುದಿಲ್ಲ, ಇದರಲ್ಲಿ ಹೋಗಬೇಡ ಎಂದೆ. ಅಷ್ಟು ಹೊತ್ತಿಗೆ ಹಿಂದೆಯೇ ಇಳಿದು ಬಂದಿದ್ದ ಅಮ್ಮ, ಸಹಾಯ ಮಾಡುತ್ತೇನೆಂದುಕೊಂಡು, ಬೆಳಿಗ್ಗೆ ಬಿದ್ದದ್ದು, ನಾನು ಆಯುಧ ಕದಲಿಸಿದ್ದು, ಎಲ್ಲವನ್ನೂ ಸೇರಿಸಿ ಶಕುನ ಸರಿಯಿಲ್ಲ, ಹೋಗಬೇಡ ಮಗಳೇ ಎಂದುಬಿಟ್ಟಳು. ನನ್ನ ಮಾತು ಅಲ್ಲಿಗೆ ಮಣ್ಣುಪಾಲಾಯಿತು.

ಶ್ರೀಯಾ ನಮ್ಮಿಬ್ಬರ ಮುಖವನ್ನೂ ನೋಡಿದಳು. "ಅಜ್ಜಿದು ಶಕುನ, ನಿಂದು ಕ್ಲೇಮು. ಎರಡೂ ಒಂದೇ ಅಪ್ಪ. ಎಲ್ಲಾಂ ಸರಿಯಾ ಇರುಕ್ಕು, ವಿಡು ಪಾ."

ಎಲ್ಲ ಸರಿಯಾಗಿದೆ, ಬಿಡು ಎಂದು ತಮಿಳಿನಲ್ಲಿ ಮಾತು ಮುಗಿಸಿದಳು. ಜಗಳ ಸಾಕೆನಿಸಿದಾಗ ಅವಳು ಕನ್ನಡ ಬಿಡುತ್ತಾಳೆ. ಸೈಕಲ್ಲನ್ನು ಗೋಡೆಗೆ ಒರಗಿಸಿ ಬ್ಯಾಗು ತರಲು ಹೋದಳು. ಗೇಟಿನ ಹೊರಗೆ ವ್ಯಾನಿನ ಹಾರನ್ ಕೇಳಿಸಿತು.

ನಾನು ಹೆಚ್ಚು ಯೋಚಿಸಲಿಲ್ಲ, ಮುರಿಯುವುದಾದರೆ ಇಲ್ಲೇ ಮುರಿಯಲಿ ಎಂದುಕೊಂಡೆ. ಕೀಯನ್ನು ಮತ್ತೆ ಬೋಲ್ಟಿಗೆ ತುರುಕಿ ಒಳಕ್ಕೆ ಒತ್ತಿದೆ. ಬಲ ಹಾಕುವ ಮೊದಲೇ ಲಟಕ್ಕೆಂದು ಹ್ಯಾಂಗರ್ ಮುರಿದು, ಡಿರೇಲರ್ ಚೈನಿಗೆ ಜೋತುಬಿತ್ತು. ಎರಡು ಬೆರಳಿನ ಬಲಕ್ಕೇ ಮುರಿಯಿತು. ಭಯವೂ ಸಮಾಧಾನವೂ ಒಟ್ಟಿಗೆ ನುಗ್ಗಿ ನಾನು ಅಲ್ಲೇ ಕುಕ್ಕರಿಸಿದೆ. ತಲೆಯೆತ್ತಿದಾಗ ಶ್ರೀಯಾ ಮೆಟ್ಟಿಲ ಮೇಲೆ ಬ್ಯಾಗು ಹಿಡಿದು ನಿಂತಿದ್ದಳು. ಎಷ್ಟು ಸಲೀಸಾಗಿ ಮುರಿಯಿತು ನೋಡು ಎಂದು ತುಂಡನ್ನು ಚಾಚಿದೆ. ಅವಳು ತುಂಡನ್ನು ನೋಡಲೇ ಇಲ್ಲ, ಕೀ ಹಿಡಿದಿದ್ದ ನನ್ನ ಕೈಯನ್ನು ನೋಡುತ್ತಿದ್ದಳು.

ವ್ಯಾನಿನಿಂದ ಇಳಿದ ನಿಶಾಂತ್ ಶ್ರೀಯಾಳ ಗುಂಪಿನ ಮುಂದಾಳು, ಒಳ್ಳೆಯ ಹುಡುಗ. ವಿಷಯ ತಿಳಿದು, ಚಿಂತೆ ಬೇಡ ಅಂಕಲ್, ಹಿಂದೆ ಇನ್ನೊಂದು ಸೈಕಲ್ ಇದೆ, ಬರುವುದಿಲ್ಲ ಎಂದವರೊಬ್ಬರದು, ಶ್ರೀಯಾ ಅದರಲ್ಲಿ ಹತ್ತಬಹುದು ಎಂದ. ನನ್ನನ್ನು ಸಮಾಧಾನಪಡಿಸಲೆಂದೇ ಹೇಳಿದ. ನಾನು ವ್ಯಾನಿನ ಹಿಂಬಾಗಿಲಿಗೆ ಓಡಿದೆ. ಹಳೆಯ ಬೆಡ್‌ಶೀಟು ಹೊದ್ದು, ಬೇರೆ ಸೈಕಲ್ಲುಗಳ ನಡುವೆ ಡಿರೇಲರ್ ಇರುವ ಬಲಮಗ್ಗುಲು ಕೆಳಗಾಗಿ ಅದು ಮಲಗಿತ್ತು. ಒಂದೇ ಒಂದು ಸಲ ಹಿಂಚಕ್ರ ತಿರುಗಿಸಿ ನೋಡಿಬಿಡುತ್ತೇನೆ, ಆಮೇಲೆ ಏನೂ ಅನ್ನುವುದಿಲ್ಲ ಎಂದು ಕೇಳಿಕೊಂಡೆ. ಶ್ರೀಯಾ ನನ್ನ ಮತ್ತು ಬಾಗಿಲಿನ ನಡುವೆ ಬಂದು ನಿಂತಳು.

"ಮುಟ್ಟಬೇಡ ಅಪ್ಪ," ಎಂದಳು. "ನೀನು ಮುಟ್ಟಿದ್ರೆ ಅದೂ ಮುರಿಯತ್ತೆ."

ನಾನು ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡೆ. ಬಾಗಿಲು ಹಾಕಿಕೊಂಡು ವ್ಯಾನ್ ಬೀದಿಯ ತಿರುವು ದಾಟಿತು. ಆ ಸೈಕಲ್ ಯಾರದು, ಅದು ಯಾವಾಗ ಎಲ್ಲಿ ಬಿದ್ದಿತ್ತು, ಬಿದ್ದದ್ದನ್ನು ಯಾರು ಯಾರಿಗೆ ಹೇಳದೆ ಬಿಟ್ಟರು, ನನಗೆ ಗೊತ್ತಿಲ್ಲ.