ವಶೀಲಿ ಹಚ್ಚಲು ಹೋದ ಸೋದರಮಾವ

ಹೊಸಪೇಟೆಯಿಂದ ಹಂಪಿಗೆ ಆಟೋ ಓಡಿಸುವ ಹುಲುಗಪ್ಪನಿಗೆ ನೆಂಟರಲ್ಲದವರು ಈ ಭೂಮಿಯ ಮೇಲೆ ಯಾರೂ ಇರಲಿಲ್ಲ. ಮಂತ್ರಿಯ ಮನೆಯ ಅಡುಗೆಯವಳು ಚಿಕ್ಕಮ್ಮ, ತಹಶೀಲ್ದಾರರ ಡ್ರೈವರು ಷಡ್ಡಕ. ಹಂಪಿಯ ಉಗ್ರನರಸಿಂಹ ಅಷ್ಟಗಲ ಕಣ್ಣು ಬಿಟ್ಟಿದ್ದೇ ಹುಲುಗಪ್ಪನ ನೆಂಟಸ್ತಿಕೆಯ ವರ್ಣನೆ ಕೇಳಿ ಎಂದು ಆಟೋ ಸ್ಟ್ಯಾಂಡಿನವರು ಹೇಳುತ್ತಾರೆ. ಸುಳ್ಳೆನ್ನಲು ಯಾರ ಹತ್ತಿರವೂ ಸಾಕ್ಷಿಯಿಲ್ಲ.

ಇಂಥವನ ಅಕ್ಕ ಎಲ್ಲಮ್ಮ ಕಂಪ್ಲಿಯ ಗದ್ದೆಗಳಲ್ಲಿ ಭತ್ತದ ನಾಟಿಗೆ ಹೋಗುವವಳು. ಅವಳ ಮಗಳು ಗಾಯತ್ರಿ ಡಾಕ್ಟರ್ ಆಗಲು ನೀಟ್ ಪರೀಕ್ಷೆಗೆ ಕುಳಿತಳು. ಎಂಥಾ ಓದು ಅಂತೀರಿ! ಅವಳು ಗಟ್ಟಿಯಾಗಿ ಓದಿದ್ದನ್ನು ಕೇಳಿ ಕೇಳಿ ಓಣಿಯ ಕೋಳಿಗಳಿಗೂ ತಮ್ಮ ಗುಂಡಿಗೆಯಲ್ಲಿ ಎಷ್ಟು ಕೋಣೆ ಎಂಬುದು ಬಾಯಿಪಾಠವಾಯಿತು. ರ‍್ಯಾಂಕು ಬಂತು. ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಸೀಟೂ ಬಂತು. ಮೂಲ ಅಂಕಪಟ್ಟಿ ತೋರಿಸಿ ಸೇರಿಕೊಳ್ಳುವುದೊಂದೇ ಬಾಕಿ.

ಮೊದಲ ದಿನವೇ ಹೋಗುತ್ತಿದ್ದಳು, ಹುಲುಗಪ್ಪ ತಡೆದ. "ಕಂಪ್ಯೂಟರಿಗೇನ್ ಗೊತ್ತವ್ವಾ? ಇವತ್ತು ಹೆಸರು ತೋರಿಸ್ತೈತಿ, ನಾಳೆ ಅಳಿಸ್ತೈತಿ. ಹಿಂದ ದೊಡ್ಡೋರು ಒಬ್ರು ನಿಂತಿರಬೇಕು."

ಆ ದೊಡ್ಡವರು ಸಂಡೂರಿನ ಅದಿರು ಲಾರಿಗಳ ಮಾಲೀಕ ಸಿದ್ದಲಿಂಗೇಶ್. ಹುಲುಗಪ್ಪನ ಹೆಂಡತಿಯ ಸೋದರತ್ತೆಯ ಬೀಗರ ಪೈಕಿ. ವಶೀಲಿ ಕೇಳಲು ಹೋಗುವವನು ಬರಿಗೈಲಿ ಹೋಗಬಾರದೆಂದು ಹುಲುಗಪ್ಪ ಅಂಕಪಟ್ಟಿಗಳನ್ನೆಲ್ಲ ಕಂಕುಳಲ್ಲಿ ಇಟ್ಟುಕೊಂಡು ದಿನಾ ಸಂಡೂರಿಗೆ ಹೋದ. ದಿನಾ ಸಾಹುಕಾರರು ಊರಲ್ಲಿರಲಿಲ್ಲ. ಹೀಗೆ ಕೊನೆಯ ದಿನವೇ ಬಂದುಬಿಟ್ಟಿತು. ಸಂಜೆ ಐದರೊಳಗೆ ಸೇರದಿದ್ದರೆ ಸೀಟು ಬೇರೆಯವರ ಪಾಲು.

ಅಂದು ಸಾಹುಕಾರರು ಮನೆಯಲ್ಲೇ ಇದ್ದರು, ಆದರೆ ಹೊರಗೆ ಬಂದಿರಲಿಲ್ಲ. ಅವರ ಪಡಸಾಲೆ ಎಷ್ಟು ಉದ್ದವೆಂದರೆ ಈ ತುದಿಯಲ್ಲಿ ಕೂತವನಿಗೆ ಬಿಸಿಲು, ಆ ತುದಿಯವನಿಗೆ ಮಳೆ. ನಡುವೆ ಕೂತವರೆಲ್ಲ ಅವರ ಸಂಬಂಧಿಕರೇ. ಹುಲುಗಪ್ಪನೂ ಒಂದು ಮೂಲೆ ಹಿಡಿದು ಸಂಜೆ ನಾಲ್ಕರವರೆಗೆ ಕೂತ. ಆಗ ಬಳ್ಳಾರಿಯಿಂದ ಗಾಯತ್ರಿಯ ಫೋನು ಬಂತು. ಅವಳೂ ಎಲ್ಲಮ್ಮನೂ ಬೆಳಿಗ್ಗೆಯಿಂದ ಕಾಲೇಜಿನ ಬಾಗಿಲಲ್ಲೇ ಇದ್ದರು.

"ಮಾವಾ, ಸೀಟು ನನ್ನ ಹೆಸರಿಗೈತಿ, ಅಂಕಪಟ್ಟಿ ನಿನ್ನ ಕಂಕುಳಾಗ ಅದಾವು. ಯಾರನ್ನೂ ಕೇಳಬ್ಯಾಡ. ಜಲ್ದಿ ಬಾ."

ಹುಲುಗಪ್ಪನಿಗೆ ಬೆವರು ಕಿತ್ತುಕೊಂಡು ಬಂತು, ತುಂಗಭದ್ರಾ ಡ್ಯಾಮಿನ ಅಷ್ಟೂ ಗೇಟುಗಳನ್ನು ಒಟ್ಟಿಗೆ ಎತ್ತಿದ ಹಾಗೆ. ಎದ್ದು ಚಪ್ಪಲಿ ಹುಡುಕುವಾಗಲೇ ಸಾಹುಕಾರರು ಹೊರಬಂದು, ಬಂದ ಕೆಲಸವೇನೆಂದು ಕೇಳಿದರು. ಅಕ್ಕನ ಮಗಳಿಗೆ ಮೆಡಿಕಲ್ ಸೀಟು ಸಿಕ್ಕಿದೆ, ತಾನು ಹೊರಟೆ ಎಂದ.

"ಸಿಕ್ಕೈತಾ? ಯಾರ ಕಡಿಂದ ಹೇಳಿಸಿದ್ರಿ?"

"ಯಾರೂ ಇಲ್ರಿ. ಆಕೀನ ಓದಿದ್ಳು."

ಇಡೀ ಪಡಸಾಲೆ ಹುಲುಗಪ್ಪನ ಕಡೆ ತಿರುಗಿತು. ಸಿದ್ದಲಿಂಗೇಶ್ ಅವರ ಮಗ ಮಹಾಂತೇಶ ವರ್ಷವರ್ಷವೂ ನೀಟ್ ಬರೆಯುತ್ತಲೇ ಗಡ್ಡ ಬಿಟ್ಟಿದ್ದ. ಪಾಸಾದರೆ ಸಾಕು, ಸೀಟಿಗೆ ಬೆಟ್ಟದಷ್ಟು ದುಡ್ಡು ಸುರಿಯಲು ಅಪ್ಪ ತಯಾರು. ಪಾಸಾಗಬೇಕಲ್ಲ! ಸಾಹುಕಾರರು ಹುಲುಗಪ್ಪನ ಎರಡೂ ಕೈ ಹಿಡಿದುಕೊಂಡರು.

"ನಾವು ನೀವು ಭಾಳ ಹತ್ತಿರದ ಸಂಬಂಧ ಅಲ್ಲೇನ್ರಿ? ಬರ್ರಿ, ಕಾರಾಗ ಕುಂದ್ರಿ."

ಮಹಾಂತೇಶ ಕಾರು ಓಡಿಸಿದ. ಓಡಿಸಿದನೋ ಹಾರಿಸಿದನೋ! ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಹೊಗೆಯನ್ನು ಹಿಂದೆ ಹಾಕಿದರು, ಕುರೆಕುಪ್ಪದ ಹತ್ತಿರ ತಮ್ಮದೇ ನೆರಳನ್ನು ಹಿಂದೆ ಹಾಕಿದರು. ದಾರಿಯುದ್ದಕ್ಕೂ ಸಾಹುಕಾರರು ಕೇಳಿದ್ದು ಒಂದೇ ವಿಷಯ: ಹುಡುಗಿ ಎಷ್ಟು ಹೊತ್ತಿಗೆ ಏಳುತ್ತಾಳೆ, ಏನು ತಿನ್ನುತ್ತಾಳೆ, ಹೇಗೆ ಓದುತ್ತಾಳೆ. ಹುಲುಗಪ್ಪನಿಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ, ಆದರೂ ಎಲ್ಲಕ್ಕೂ ಉತ್ತರ ಹೇಳಿದ.

ಕಾಲೇಜು ಮುಟ್ಟಿದಾಗ ಸಿಬ್ಬಂದಿ ಕಿಟಕಿ ಮುಚ್ಚಲು ಕೈಯೆತ್ತಿದ್ದರು. ಸಿದ್ದಲಿಂಗೇಶ್ ಮುಂದೆ ನುಗ್ಗಿ ತಮ್ಮ ಪರಿಚಯ ಶುರುಮಾಡಿದರು. ಹಿರಿಯರು ಬೆಂಚಿನ ಮೇಲೆ ಕೂರಬೇಕು, ವಿದ್ಯಾರ್ಥಿ ಮಾತ್ರ ಬರಬೇಕು ಎಂದು ಒಳಗಿನ ಹೆಣ್ಣುಮಗಳು ಮೆತ್ತಗೆ ಹೇಳಿದಳು. ಗಾಯತ್ರಿ ಮಾವನ ಕಂಕುಳಿಂದ ಅಂಕಪಟ್ಟಿ ಕಿತ್ತುಕೊಂಡು ಓಡಿದಳು. ನೋಡಿದರು, ಸಹಿ ಹಾಕಿಸಿಕೊಂಡರು, ಸೀಲು ಒತ್ತಿದರು. ಮುಗಿಯಿತು! ಗಾಯತ್ರಿ ಡಾಕ್ಟರ್ ಓದುವವಳಾದಳು.

ಎಲ್ಲಮ್ಮ ಮಗಳನ್ನು ಅಪ್ಪಿಕೊಂಡಳು. ಆಮೇಲೆ ತಮ್ಮನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಅದರ ಸದ್ದು ಕಂಪ್ಲಿಯ ಕೋಟೆಯಲ್ಲಿ ಮಾರ್ದನಿಸಿತಂತೆ.

ಹುಲುಗಪ್ಪ ಬೆನ್ನು ಸವರಿಕೊಳ್ಳುತ್ತಿದ್ದ. ಸಿದ್ದಲಿಂಗೇಶ್ ಅವನನ್ನು ಮೆಲ್ಲಗೆ ಪಕ್ಕಕ್ಕೆ ಕರೆದು, ರಜೆಯಲ್ಲಿ ಮಹಾಂತೇಶನಿಗೆ ಗಾಯತ್ರಿ ಒಂದಿಷ್ಟು ಪಾಠ ಹೇಳಿಕೊಡುವ ಹಾಗೆ ಮಾಡಬೇಕೆಂದು ಕೇಳಿಕೊಂಡರು.

ಹುಲುಗಪ್ಪ ಮೀಸೆ ತಿರುವಿ ಸಾಹುಕಾರರ ಹೆಗಲ ಮೇಲೆ ಕೈಯಿಟ್ಟ.

"ಆಕಿ ಭಾಳ ಬಿಜಿ ಅದಾಳ್ರಿ. ನಮ್ ಹುಡುಗೀನ, ಹೇಳಿ ನೋಡ್ತೀನಿ. ನಾಳೆ ಮನೀ ಕಡೆ ಬಂದು ಕುಂದ್ರಿ."